ಮೂರು ಬೆರಳು, ಒಂದು ಗೆಂಡೆ

ನಿಗಡಿ, ಪುಣೆ
9 ಮಾರ್ಚ್ 1997

ಗೆಳೆಯ ಗುರಣ್ಣನಿಗೆ ಶಿವಪ್ರಕಾಶನ ಶರಣು.

ಅಕ್ಷರ ನೋಡಿ ಇದು ಯಾವ ಮಗು ಬರೆದದ್ದು ಎಂದುಕೊಳ್ಳಬೇಡ. ಹೆಬ್ಬೆರಳು, ಉಂಗುರದ ಬೆರಳು, ಕಿರುಬೆರಳು ಮೂರೇ ಸೇರಿ ಪೆನ್ನು ಹಿಡಿದರೆ ಅಕ್ಷರ ಹೀಗೇ ಕುಣಿಯುತ್ತವೆ. ಫೋನು ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀಯಲ್ಲ, ಅದಕ್ಕೇ ಕಾಗದ. ಇದನ್ನೂ ನೀನು ಹರಿಯಬಹುದು, ಆದರೆ ಹರಿಯುವ ಮುನ್ನ ಎರಡು ಸಾಲಾದರೂ ಕಣ್ಣಿಗೆ ಬೀಳುತ್ತವೆ. ನನಗೆ ಅಷ್ಟು ಸಾಕು.

ಹಳೆಯದನ್ನು ಕೆದಕಲು ಬರೆಯುತ್ತಿಲ್ಲ. ಇಪ್ಪತ್ತೊಂದು ವರ್ಷ ಒಂದೇ ಕಾರ್ಖಾನೆಯ ಟೂಲ್‌ರೂಮಿನಲ್ಲಿ ಅಕ್ಕಪಕ್ಕದ ಬೆಂಚಿನಲ್ಲಿ ನಿಂತು ಪ್ರೆಸ್ಸಿಗೆ ಕೂರಿಸುವ ಅಚ್ಚು, ಡೈ ಮಾಡಿದೆವು. ತೊಂಬತ್ತನಾಲ್ಕರ ನವೆಂಬರಿನಲ್ಲಿ ಪ್ರೆಸ್ಸು ನನ್ನ ಬಲಗೈಯ ಎರಡು ಬೆರಳು ತೆಗೆದುಕೊಂಡಿತು. ಅದನ್ನು ಇಳಿಸುವ ಪೆಡಲಿನ ಮೇಲೆ ನಿನ್ನ ಕಾಲಿತ್ತು. ತಿಂಗಳೊಳಗೆ ನೀನು ರಾಜೀನಾಮೆ ಕೊಟ್ಟು, ನಿಗಡಿ ಬಿಟ್ಟು, ಕೊಂಢವಾದಲ್ಲಿ ಹಾರ್ಡ್‌ವೇರ್ ಅಂಗಡಿ ಹಾಕಿದೆ. ಒಂದೇ ಊರಿನಲ್ಲಿದ್ದು, ನಡುವೆ ಎರಡು ಬಸ್ಸಿನ ಹಾದಿ ಇದ್ದು, ಎರಡು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡಿಲ್ಲ. ಇಷ್ಟು ಬರೆದೆ. ಇನ್ನು ಅದರ ಮಾತು ಬೇಡ, ಬೇರೆ ಸುದ್ದಿ ಇದೆ.

ಹೋದ ಬುಧವಾರ ರಜೆ ಹಾಕಿ ಜುನಾ ಬಾಜಾರಿಗೆ ಹೋಗಿದ್ದೆ. ಹಳೆಯ ಕೀಲಿಕೈ, ಮುರಿದ ಫ್ಯಾನುಗಳ ನಡುವೆ ಒಂದು ಹಿತ್ತಾಳೆಯ ಚಕ್ರ ಬಿದ್ದಿತ್ತು. ತಿರುಗಿಸಿದರೆ ಕರ್ರ್ ಎಂದಿತು. ಬಿಚ್ಚಿ ನೋಡಿದರೆ ಒಳಗೆ ಹಲ್ಲಿನ ಗಾಲಿ, ಅದರ ಮೇಲೆ ಉಗುರಿನಷ್ಟು ಸಣ್ಣ ಸ್ಪ್ರಿಂಗು. ನೂರು ವರ್ಷದ ಹಿಂದೆ ಯಾವ ಪುಣ್ಯಾತ್ಮ ಮಾಡಿದ್ದನೋ, ಇವತ್ತಿಗೂ ಎಲ್ಲೂ ಸಡಿಲವಿಲ್ಲ. ಕೈ ತಡೆಯಲಿಲ್ಲ, ಕೊಂಡೆ. ಇದು ಯಾವ ಯಂತ್ರದ್ದು ಎಂದು ಕೇಳಿದೆ. ಮೀನು ಹಿಡಿಯುವ ಕೋಲಿನದು ಎಂದು ಅಂಗಡಿಯವನು ಮೂರು ತುಂಡಿನ ಬಿದಿರಿನ ಕೋಲನ್ನೂ ಎಳೆದು ಕೊಟ್ಟ. ಜೊತೆಗೆ ಯಾವನೋ ಇಂಗ್ಲಿಷ್ ದೊರೆ ಬರೆದಿಟ್ಟ ಚಿತ್ರಗಳ ಒಂದು ಕಟ್ಟು ಇತ್ತು.

ಚಿತ್ರ ನೋಡಿ ದಂಗಾದೆ ಗುರಣ್ಣ. ಈ ಗಾಳಕ್ಕೆ ಎರೆಹುಳ ಬೇಡ, ಹಿಟ್ಟಿನ ಉಂಡೆ ಬೇಡ. ದಾರ ಸುತ್ತಿ ಸುಳ್ಳು ಹುಳ ಮಾಡಿ ಕಟ್ಟಬೇಕು. ಅದಕ್ಕೆ ತೂಕವೇ ಇಲ್ಲ, ಆದ್ದರಿಂದ ಅದನ್ನು ಎಸೆಯುವಂತಿಲ್ಲ. ತೂಕ ಇರುವುದು ನೂಲಿಗೆ. ನೂಲನ್ನು ಗಾಳಿಯಲ್ಲಿ ಹಿಂದೆ ಮುಂದೆ ಆಡಿಸಿ ಚಾಚಿದರೆ ಹುಳ ಅದರ ತುದಿಯಲ್ಲಿ ತಾನಾಗಿ ಹೋಗುತ್ತದೆ. ಎಲ್ಲವೂ ಕೈಯ ಚಳಕ.

ನಮ್ಮ ಮನೆಯವಳು ಕಾಶವ್ವ ಕೋಲನ್ನು ಹೊಸ್ತಿಲು ದಾಟಗೊಡಲಿಲ್ಲ. "ಕೊರಳಾಗ ಲಿಂಗ, ಕೈಯಾಗ ಗಾಳ. ನೋಡಿದವ್ರು ಏನ್ ಅಂದಾರ್ರೀ" ಎಂದು ಕೇಳಿದಳು. ಗಾಳದ ಮುಳ್ಳನ್ನು ಅರದಿಂದ ಉಜ್ಜಿ ತೆಗೆಯುತ್ತೇನೆ, ಹಿಡಿದದ್ದನ್ನು ಜೀವಂತ ಬಿಡುತ್ತೇನೆ, ಇದು ನನ್ನ ಆಣೆ ಎಂದೆ. ಬಿಡುವುದಿದ್ದರೆ ಹಿಡಿಯುವುದೇಕೆ ಎಂದಳು. ಅವಳಿಗೆ ಹೇಳದ ಉತ್ತರ ನಿನಗೆ ಹೇಳುತ್ತೇನೆ. ನನ್ನನ್ನು ಟೂಲ್‌ರೂಮಿನಿಂದ ತೆಗೆದು ಸ್ಟೋರಿಗೆ ಹಾಕಿದ್ದಾರೆ. ನಟ್ಟು ಬೋಲ್ಟು ಕೊಡುತ್ತೇನೆ, ಸಹಿ ತೆಗೆದುಕೊಳ್ಳುತ್ತೇನೆ. ಈ ಕೈ ಎರಡು ವರ್ಷದಿಂದ ಕೆಲಸ ಎನ್ನುವಂಥದ್ದು ಏನೂ ಮಾಡಿಲ್ಲ. ನಾನೇ ಕಟ್ಟಿದ ಹುಳದಿಂದ, ಈ ಕೈಯಿಂದಲೇ, ಒಂದು ದೊಡ್ಡ ಗೆಂಡೆ ಮೀನು ಹಿಡಿಯಬೇಕು. ಆವತ್ತು ನೀನು ನನ್ನ ಪಕ್ಕದಲ್ಲಿ ನಿಂತಿರಬೇಕು. ನನಗೆ ಬೇಕಾದದ್ದು ಇಷ್ಟೇ.

ನಿನ್ನ
ಶಿವಪ್ರಕಾಶ

*

ಕೊಂಢವಾ
2 ಏಪ್ರಿಲ್ 1997

ಶಿವಪ್ರಕಾಶಣ್ಣಾವರಿಗೆ ರಾಧಾಬಾಯಿಯ ನಮಸ್ಕಾರಗಳು.

ನಿಮ್ಮ ಕಾಗದ ಬಂದು ಮೂರು ವಾರವಾಯಿತು. ನಮ್ಮವರು ಬರೆಯುವುದಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. ಅವರು ಅದನ್ನು ಹರಿಯಲಿಲ್ಲ. ಅಂಗಡಿಯಲ್ಲಿ ನಿಂತುಕೊಂಡೇ ನಾಲ್ಕು ಸಲ ಓದಿ ಮಡಿಚಿಟ್ಟರು. ಆ ದಿನ ಊಟಕ್ಕೆ ಏಳಲಿಲ್ಲ.

ನಿಮಗೆ ಗೊತ್ತಿರಲಿ, ಇವರು ಈಗ ಯಾರ ಕೈಯನ್ನೂ ನೋಡುವುದಿಲ್ಲ. ಗಿರಾಕಿಗೆ ಸಾಮಾನು ಕೊಡುವಾಗ ಕಟ್ಟೆಯ ಮೇಲಿಟ್ಟು ಆಚೆ ತಿರುಗುತ್ತಾರೆ. ನಾನು ತರಕಾರಿ ಹೆಚ್ಚುವಾಗ ಎದ್ದು ಹೊರಗೆ ಹೋಗುತ್ತಾರೆ. ನೀವು ಮೀನಿನ ವಿಷಯ ಚೆನ್ನಾಗಿ ಬರೆದಿದ್ದೀರಿ, ನನಗೂ ನಗು ಬಂತು. ಆದರೆ ನಗಿಸುವುದಕ್ಕೇ ಬರೆಯುವುದಾದರೆ ದಯವಿಟ್ಟು ಬರೆಯಬೇಡಿ. ಬರೆಯಬೇಕಾದದ್ದು ಏನಾದರೂ ಇದ್ದರೆ ಅದನ್ನು ಬರೆಯಿರಿ.

ಕಾಶವ್ವಕ್ಕನವರನ್ನು ಕೇಳಿದ್ದೇನೆಂದು ಹೇಳಿ.

ರಾಧಾಬಾಯಿ

*

ನಿಗಡಿ
20 ಏಪ್ರಿಲ್ 1997

ಗುರಣ್ಣ,

ಬರೆಯಬೇಡಿ ಎಂದು ರಾಧಾಬಾಯಿ ಬರೆದಿದ್ದಾರೆ. ನಾನು ಯಾರ ಮಾತು ಕೇಳಿದವನು, ಬರೆಯುತ್ತಿದ್ದೇನೆ.

ನಾಲ್ಕು ರವಿವಾರದಿಂದ ಪವನಾ ಅಣೆಕಟ್ಟಿನ ಹಿನ್ನೀರಿಗೆ ಹೋಗುತ್ತಿದ್ದೇನೆ. ಬೇಸಿಗೆಗೆ ನೀರು ಇಳಿದು ದಂಡೆಯುದ್ದಕ್ಕೂ ಬಯಲು ಬಯಲಾಗಿದೆ. ಅರ್ಧ ಫರ್ಲಾಂಗು ಒಳಗೆ ನಡೆದರೂ ನೀರು ಮೊಣಕಾಲು ದಾಟುವುದಿಲ್ಲ, ತಳದಲ್ಲಿ ಮೆತ್ತನೆಯ ಕೆಸರು. ಬೆಳಗಿನ ಹೊತ್ತು ಗೆಂಡೆಗಳು ಆಳ ಬಿಟ್ಟು ಇಲ್ಲಿಗೆ ಮೇಯಲು ಬರುತ್ತವೆ. ತಲೆ ಕೆಳಗೆ ಮಾಡಿ ಕೆಸರು ಕೆದರುವಾಗ ಬಾಲ ನೀರಿನ ಮೇಲೆ ಬಂದು ಅಲುಗುತ್ತದೆ. ಮೊದಲ ದಿನ ಒಂದೇ ನೋಟಕ್ಕೆ ಹನ್ನೊಂದು ಬಾಲ ಕಂಡೆ. ನೂಲು ಬೀಸಿದೆ. ಅದು ನನ್ನ ಕೊರಳಿಗೇ ಎರಡು ಸುತ್ತು ಬಿತ್ತು, ಗಾಳ ಕಿವಿಗೆ ಸಿಕ್ಕಿತು, ಹನ್ನೊಂದೂ ಮಾಯ.

ದಂಡೆಯ ಮೇಲೆ ಒಬ್ಬ ಬಿದ್ದು ಬಿದ್ದು ನಗುತ್ತಿದ್ದ. ಹೆಸರು ಅಂಬಾರಾಯ. ನಮ್ಮವನೇ, ಅಫಜಲಪುರದ ಕಡೆ ಭೀಮಾ ದಂಡೆಯವನು. ತಲೆತಲಾಂತರದಿಂದ ಬಲೆ ಬೀಸಿದ ಮನೆತನ, ಈಗ ಇಲ್ಲಿ ಯಾರದೋ ಬಂಗಲೆ ಕಟ್ಟುವ ಕಡೆ ಗೌಂಡಿ. ಕನ್ನಡ ಕೇಳಿ ಇಬ್ಬರಿಗೂ ಖುಷಿಯಾಯಿತು. ಕೆಸರಿನಲ್ಲಿ ನಡೆಯುವುದನ್ನು ಮೊದಲು ಕಲಿಸಿದ: ಕಾಲು ಎತ್ತಬಾರದು, ಜಾರಿಸಬೇಕು. ಎತ್ತಿ ಇಟ್ಟರೆ ಆ ಸಪ್ಪಳ ಗೆಂಡೆಗೆ ಅಷ್ಟು ದೂರಕ್ಕೇ ತಿಳಿಯುತ್ತದೆ. ಸುಳ್ಳು ಹುಳದಿಂದ ಮೀನು ಹಿಡಿಯುತ್ತೇನೆ ಎಂದಾಗ ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿದ.

ಒಂದು ಒಳ್ಳೆಯ ಸುದ್ದಿ. ಕೋಲು ಹಿಡಿಯಲು ತೋರುಬೆರಳು ಬೇಕಾಗಿಯೇ ಇಲ್ಲ. ಹೆಬ್ಬೆರಳು ಮೇಲೆ, ಉಳಿದೆರಡು ಕೆಳಗೆ. ನೂಲು ಈಗ ಹತ್ತು ಮಾರು ಹೋಗುತ್ತದೆ. ಕೆಟ್ಟ ಸುದ್ದಿ ಹುಳದ್ದು. ಕೋಳಿಪುಕ್ಕ ಮನೆಯೊಳಗೆ ತರುವಂತಿಲ್ಲ, ಆದ್ದರಿಂದ ಕಾಶವ್ವನ ಹರಿದ ಇಳಕಲ್ ಸೀರೆಯ ಸೆರಗಿನಿಂದ ಕೆಂಪು ರೇಷ್ಮೆಯ ಎಳೆ ಬಿಡಿಸಿಕೊಂಡೆ. ತೂಕಕ್ಕೆ ಸುಟ್ಟ ಮೋಟಾರಿನ ತಾಮ್ರದ ತಂತಿ. ಆದರೆ ಎಳೆ ಸುತ್ತುವಾಗ ಗಾಳವನ್ನು ಹಿಡಿದುಕೊಳ್ಳಲು ಇಕ್ಕಳದಂತೆ ಎರಡು ದವಡೆಯ ಒಂದು ಸಣ್ಣ ವೈಸು ಬೇಕು. ಮೆತ್ತನೆಯ ಉಕ್ಕು, ಮೈಲ್ಡ್ ಸ್ಟೀಲಿನಲ್ಲಿ ಮಾಡಿದೆ. ಮೂರನೆಯ ಸುತ್ತಿಗೆ ಗಾಳ ಜಾರುತ್ತದೆ. ಹೋದ ಎರಡು ಬೆರಳು ಇದ್ದಿದ್ದರೆ ಹೇಗೋ ಒತ್ತಿ ಹಿಡಿಯುತ್ತಿದ್ದೆ.

ಬಾರೋ ಒಂದು ರವಿವಾರ.

ಶಿವಪ್ರಕಾಶ

*

(ಪೋಸ್ಟ್‌ಕಾರ್ಡು)
ಕೊಂಢವಾ, 1 ಮೇ 1997

ಶಿವಪ್ರಕಾಶ,

ಮೈಲ್ಡ್ ಸ್ಟೀಲಿನ ದವಡೆ ಮಾಡಿದರೆ ಗಾಳ ಜಾರದೆ ಏನು ಮಾಡೀತು. ಹಳೆಯ ಅರ ಒಂದು ತಗೊ. ಕೆಂಪಗೆ ಕಾಯಿಸಿ ಬೂದಿಯಲ್ಲಿ ಆರಲು ಬಿಡು, ಮೆತ್ತಗಾದ ಮೇಲೆ ಆಕಾರ ಕೊಡು. ಮತ್ತೆ ಕಾಯಿಸಿ ಎಣ್ಣೆಗೆ ಹಾಕು. ಕೊನೆಗೆ ಒಣಹುಲ್ಲಿನ ಬಣ್ಣ ಬರುವ ತನಕ ನಿಧಾನ ಬಿಸಿ ಮಾಡು. ಇದನ್ನು ನಿನಗೆ ನಾನು ಹೇಳಬೇಕಾಯಿತಲ್ಲ.

ಗುರಣ್ಣ

*

ನಿಗಡಿ
18 ಮೇ 1997

ಗುರಣ್ಣ, ಗುರಣ್ಣ,

ನಿನ್ನ ಕಾರ್ಡನ್ನು ಎಷ್ಟು ಸಲ ಓದಿದೆನೋ. ಬಾಗಿಲಲ್ಲೇ ನಿಂತು ಓದುತ್ತಿದ್ದುದನ್ನು ನೋಡಿ ಕಾಶವ್ವ ಯಾರು ತೀರಿಹೋದರು ಎಂದು ಓಡಿ ಬಂದಳು. ಬೈದಿದ್ದಾನೆ, ನಮ್ಮ ಗುರಣ್ಣ ಬೈದು ಬರೆದಿದ್ದಾನೆ ಎಂದೆ. ಅವಳು ಕಾರ್ಡು ಇಸಿದುಕೊಂಡು ತಾನೂ ಓದಿದಳು. ಕಬ್ಬಿಣದ ವಿಷಯವಷ್ಟೇ ಇದ್ದುದರಿಂದ ಅವಳಿಗೆ ಏನೂ ತಿಳಿಯಲಿಲ್ಲ, ಆದರೂ ಕಣ್ಣು ಒರೆಸಿಕೊಂಡಳು.

ನೀನು ಹೇಳಿದಂತೆಯೇ ಮಾಡಿದೆ. ಅಗ್ಗಿಷ್ಟಿಕೆಯಲ್ಲಿ ಕಾಯಿಸಿದೆ, ಕೊಬ್ಬರಿ ಎಣ್ಣೆಗೆ ಅದ್ದಿದೆ, ಮನೆಯೆಲ್ಲ ಹೊಗೆ. ಈಗ ದವಡೆ ಗಾಳವನ್ನು ಕಚ್ಚಿದರೆ ಬಿಡುವ ಮಾತಿಲ್ಲ. ಎರಡು ವಾರದಲ್ಲಿ ಮೂವತ್ತು ಹುಳ ಕಟ್ಟಿದೆ. ಒಂದೊಂದನ್ನೂ ವರ್ನಿಯರಿನಲ್ಲಿ ಅಳೆದಿದ್ದೇನೆ. ಮೂವತ್ತೂ ಒಂದೇ ಉದ್ದ, ಒಂದೇ ದಪ್ಪ, ಎಲ್ಲೂ ಒಂದು ಎಳೆ ಹೊರಗೆ ಚಾಚಿಲ್ಲ. ಟೂಲ್‌ರೂಮಿನಲ್ಲಿ ಇಟ್ಟಿದ್ದರೆ ಜನ ಸುತ್ತ ನಿಂತು ನೋಡುತ್ತಿದ್ದರು.

ಮೀನು ಮಾತ್ರ ನೋಡಲಿಲ್ಲ. ಬಾಲದ ಮುಂದೆಯೇ ಬಿದ್ದರೂ ಮೂಸಿ ಆಚೆ ಹೋದವು. ಅಂಬಾರಾಯ ಒಂದನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದ. "ಸಾಹೇಬ್ರ, ಇದು ದೇವರ ಮ್ಯಾಲ ಏರಸೂ ಹಂಗ ಅದ. ಗೆಂಡಿ ತಿನ್ನೂದು ಕೆಸರಾಗಿನ ಹುಳ" ಎಂದ. ನಾನು ತಡೆಯುವಷ್ಟರಲ್ಲಿ ಅದನ್ನು ಕಲ್ಲಿನ ಮೇಲೆ ತಿಕ್ಕಿ, ಎಳೆ ಕೆದರಿಸಿ, ಹಲ್ಲಿನಿಂದ ಕಡಿದು, ಕೆಸರಿನಲ್ಲಿ ಅದ್ದಿ ಕೊಟ್ಟ. ಎರಡು ತಾಸಿನ ಕೆಲಸ ಹಾಳಾಯಿತೆಂದು ಸಿಟ್ಟು ನೆತ್ತಿಗೇರಿತು. ಆದರೂ ಕಟ್ಟಿದೆ, ಎಸೆದೆ. ಗೆಂಡೆ ತಿರುಗಿ ಬಂದು ಬಾಯಿಗೆ ಹಾಕಿಕೊಂಡಿತು.

ಅಷ್ಟರಲ್ಲಿ ನಾನು ಕೋಲು ಎಳೆದುಬಿಟ್ಟೆ. ಗಾಳ ಬರಿದಾಗಿ ನನ್ನ ಟೋಪಿಗೇ ಬಂತು. ಅವಸರ ಮಾಡಿದೆ. ಅಂಬಾರಾಯ ಹಣೆ ಬಡಿದುಕೊಂಡ. ಮಳೆ ಹಿಡಿದರೆ ಈ ಬಯಲೆಲ್ಲ ಮುಳುಗುತ್ತದೆ, ಈ ವರ್ಷಕ್ಕೆ ಮುಗಿದಂತೆ. ನೀನು ಬರಲೇ ಇಲ್ಲ.

ನಿನ್ನ
ಶಿವಪ್ರಕಾಶ

*

ಕೊಂಢವಾ
8 ಜೂನ್ 1997

ಶಿವಪ್ರಕಾಶ,

ದವಡೆ ಸರಿಯಾಯಿತೆಂದು ತಿಳಿದು ಸಮಾಧಾನ. ಕೊಬ್ಬರಿ ಎಣ್ಣೆ ನಡೆಯುತ್ತದೆ. ಅವಸರದ ಬುದ್ಧಿ ನಿನಗೆ ಮೊದಲಿನಿಂದಲೂ ಇದೆ, ಅದಕ್ಕೆ ಯಾವ ಎಣ್ಣೆಯೂ ಇಲ್ಲ.

ಪ್ರತಿ ಕಾಗದದಲ್ಲೂ ಬಾ ಎನ್ನುತ್ತೀ. ನಾನು ಬರುವುದಿಲ್ಲ. ನಿನ್ನ ಕಾಗದಗಳಲ್ಲಿ ಎಲ್ಲವೂ ಇದೆ. ಗೆಂಡೆ ಇದೆ, ರೇಷ್ಮೆ ಇದೆ, ಅಂಬಾರಾಯ ಇದ್ದಾನೆ. ಒಂದು ಮಾತು ಮಾತ್ರ ಇಲ್ಲ. ಅದು ಯಾವುದೆಂದು ನಾನು ಹೇಳುವುದಿಲ್ಲ, ನೀನಾಗಿ ಬರೆಯದಿದ್ದರೆ ಕೇಳುವುದೂ ಇಲ್ಲ. ಕೇಳಿ ಪಡೆದರೆ ಅದರಿಂದ ನನಗೆ ಉಪಯೋಗವಿಲ್ಲ.

ಅದು ಬರುವ ತನಕ ಕಾಗದ ಬೇಡ.

ಗುರಣ್ಣ

*

ನಿಗಡಿ
14 ಡಿಸೆಂಬರ್ 1997

ಗುರಣ್ಣ,

ಆರು ತಿಂಗಳಾಯಿತು. ಐದು ಸಲ ಬರೆದು ಹರಿದೆ. ಇದು ಆರನೆಯದು. ಇದನ್ನು ಮುಗಿಸಿ, ಮತ್ತೊಮ್ಮೆ ಓದದೆ, ನೇರ ಡಬ್ಬಿಗೆ ಹಾಕುತ್ತೇನೆ.

ಆ ದಿನ ಫ್ಯೂಜು ನನ್ನ ಕಿಸೆಯಲ್ಲಿ ಇರಲಿಲ್ಲ.

ನಮ್ಮ ಟೂಲ್‌ರೂಮಿನ ಪದ್ಧತಿ ನಿನಗೆ ಗೊತ್ತೇ ಇದೆ, ಆದರೂ ಬರೆಯುತ್ತೇನೆ. ಬಿಟ್ಟರೆ ಮತ್ತೆ ನುಣುಚಿಕೊಂಡ ಹಾಗಾಗುತ್ತದೆ. ಪ್ರೆಸ್ಸಿನಲ್ಲಿ ಡೈ ಕೂರಿಸುವವನು ಮೊದಲು ಅದರ ಕರೆಂಟಿನ ಬೋರ್ಡಿನಿಂದ ಮೂರೂ ಫ್ಯೂಜು ಕಿತ್ತು ತನ್ನ ಕಿಸೆಗೆ ಹಾಕಿಕೊಳ್ಳಬೇಕು. ಬೇರೆಯವರ ಕೈಗೆ ಕೊಡಬಾರದು. ಅವು ಅವನ ಕಿಸೆಯಲ್ಲಿರುವ ತನಕ ಪೆಡಲು ಬರೀ ಒಂದು ಮಣೆ. ನಾವೆಲ್ಲ ಅದರ ಮೇಲೆ ಕಾಲಿಟ್ಟು ನಿಂತು ಹರಟೆ ಹೊಡೆಯುತ್ತಿದ್ದೆವು, ಸ್ಪ್ಯಾನರು ಕೊಡುತ್ತಿದ್ದೆವು. ಕಿಸೆ ತಟ್ಟಿ ತೋರಿಸಿದರೆ ಸಾಕು, ಯಾರೂ ಕೈ ಹಾಕಿ ನೋಡುತ್ತಿರಲಿಲ್ಲ. ಅಷ್ಟು ನಂಬಿಕೆ.

ಆ ದಿನ ಹೊಸ ಮ್ಯಾನೇಜರು ಅತಿಥಿಗಳನ್ನು ಕರೆತರುವವರಿದ್ದರು. ಹತ್ತು ನಿಮಿಷದಲ್ಲಿ ಡೈ ಬದಲಿಸಿ ತೋರಿಸುತ್ತೇನೆಂದು ನಾನು ಜಂಬ ಕೊಚ್ಚಿದ್ದೆ. ಫ್ಯೂಜು ಕೀಳುವ ಒಂದು ನಿಮಿಷ ಉಳಿಸಿದೆ. ಆಮೇಲೆ ಕಿಸೆ ತಟ್ಟಿ ನಿನಗೆ ತೋರಿಸಿದೆ. ಅದರಲ್ಲಿದ್ದದ್ದು ನನ್ನ ತಂಬಾಕಿನ ಡಬ್ಬಿ. ಆ ಕಿಸೆಯನ್ನು ನಂಬಿ ನೀನು ಪೆಡಲಿನ ಮೇಲೆ ಕಾಲಿಟ್ಟೆ.

ವಿಚಾರಣೆಯವರು ಆಸ್ಪತ್ರೆಗೆ ಬಂದು ಕೇಳಿದರು. ಫ್ಯೂಜು ಕಿತ್ತಿದ್ದೆ ಎಂದೆ. ಹಾಗಾದರೆ ಮತ್ತೆ ಬೋರ್ಡಿಗೆ ಹೇಗೆ ಬಂತು ಎಂದರು. ಗೊತ್ತಿಲ್ಲ ಎಂದೆ. ಗುರಣ್ಣನೇ ಹಾಕಿರಬೇಕು ಎಂದು ಬರೆದುಕೊಂಡರು. ನಾನು ಸುಮ್ಮನಿದ್ದೆ. ನೀನು ತಪ್ಪಿತಸ್ಥನಾಗಿ ಹೊರಗೆ ಹೋದೆ.

ಎಲ್ಲರೂ ನನ್ನನ್ನು ಉಸ್ತಾದ ಎನ್ನುತ್ತಿದ್ದರು. ಬೆರಳು ಹೋದ ಮೇಲೆ ಉಳಿದದ್ದು ಆ ಹೆಸರೊಂದೇ ಎನ್ನಿಸಿತು, ಅದನ್ನು ಬಿಡಲು ಮನಸ್ಸಾಗಲಿಲ್ಲ. ಅದಕ್ಕಾಗಿ ನಿನ್ನ ಹೆಸರು ಕೊಟ್ಟೆ. ನಾಚಿಕೆಯಾಗುತ್ತದೆ ಗುರಣ್ಣ. ಮೂರು ವರ್ಷದಿಂದ ಆಗುತ್ತಿದೆ, ಮೀನಿನ ಮಾತು ಆಡಿ ಅದನ್ನು ಮುಚ್ಚಿಕೊಂಡಿದ್ದೆ. ತಪ್ಪಾಯಿತು.

ಶಿವಪ್ರಕಾಶ

*

ಕೊಂಢವಾ
4 ಜನವರಿ 1998

ಶಿವಪ್ರಕಾಶ,

ನನಗೆ ಗೊತ್ತಿತ್ತು.

ನಿನ್ನನ್ನು ಎತ್ತಿಕೊಂಡು ಹೋದ ಮೇಲೆ ಬೋರ್ಡಿನ ಬಾಗಿಲು ತೆಗೆದು ನೋಡಿದೆ. ಮೂರೂ ಫ್ಯೂಜಿನ ಮೇಲೆ ಧೂಳು ಹಾಗೇ ಕೂತಿತ್ತು. ಆ ದಿನ ಅವುಗಳನ್ನು ಯಾರೂ ಮುಟ್ಟಿರಲಿಲ್ಲ. ವಿಚಾರಣೆಯಲ್ಲಿ ಹೇಳಬಹುದಿತ್ತು. ಹೇಳಿದ್ದರೆ ಬೆರಳಿನ ಜೊತೆ ನಿನ್ನ ಹೆಸರೂ ಹೋಗುತ್ತಿತ್ತು. ನಿನ್ನ ಬ್ಯಾಂಡೇಜು ನೋಡಿ ಬಂದವನಿಗೆ ಅದನ್ನೂ ಕಿತ್ತುಕೊಳ್ಳಲು ಬಾಯಿ ಬರಲಿಲ್ಲ. ನೀನೇ ಒಂದು ದಿನ ಹೇಳುತ್ತೀ ಎಂದುಕೊಂಡೆ. ಒಂದು ವಾರ ಕಾದೆ, ಒಂದು ತಿಂಗಳು ಕಾದೆ. ನಿನ್ನ ಮನೆಗೆ ಬಂದಿದ್ದರೆ ನೀನು ನನ್ನ ಎದುರಿಗೇ ಸುಳ್ಳು ಹೇಳಬೇಕಾಗುತ್ತಿತ್ತು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ, ಅದಕ್ಕೆ ಊರಿನ ಆ ತುದಿಯಿಂದ ಈ ತುದಿಗೆ ಬಂದೆ.

ಆದರೆ ಇಷ್ಟರಿಂದ ನಾನು ಹಗುರಾದೆ ಎಂದು ತಿಳಿಯಬೇಡ. ಫ್ಯೂಜು ನಿನ್ನದು, ಕಾಲು ನನ್ನದೇ. ಟೂಲ್‌ರೂಮಿನಲ್ಲಿ ಅಂಥ ಕೈ ಇನ್ನೊಂದಿರಲಿಲ್ಲ, ಅದರ ಮೇಲೆ ಪ್ರೆಸ್ಸು ಇಳಿದಾಗ ಪೆಡಲನ್ನು ಒತ್ತಿದ್ದು ನಾನು. ಆ ಸಪ್ಪಳ ಈಗಲೂ ಕೇಳುತ್ತದೆ.

ಇನ್ನೊಂದು ಮಾತು. ನನಗೊಬ್ಬನಿಗೆ ಬರೆದರೆ ಮುಗಿಯಲಿಲ್ಲ. ನಾನು ಕೆಲಸ ಕಲಿಸಿದ ಮಹಾಲಿಂಗ ಹೋದ ವರ್ಷ ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ ಎದುರಾದ. ನನ್ನನ್ನು ನೋಡಿ ಮುಖ ತಿರುಗಿಸಿ ಹೋದ. ಹೇಳುವುದಿದ್ದರೆ ಟೂಲ್‌ರೂಮಿನಲ್ಲಿ ಹೇಳು.

ಗುರಣ್ಣ

*

ನಿಗಡಿ
22 ಫೆಬ್ರವರಿ 1998

ಗುರಣ್ಣ,

ಹೇಳಿದೆ.

ಹದಿಮೂರನೆಯ ತಾರೀಖು, ಶುಕ್ರವಾರ, ಊಟದ ಬಿಡುವಿನಲ್ಲಿ ಟೂಲ್‌ರೂಮಿಗೆ ಹೋದೆ. ಮೂರು ವರ್ಷದ ನಂತರ ಮೊದಲ ಸಲ ಆ ಬಾಗಿಲು ದಾಟಿದ್ದು. ಇಪ್ಪತ್ತಾರು ಜನ ಡಬ್ಬಿ ಬಿಚ್ಚಿ ಕೂತಿದ್ದರು. ಉಸ್ತಾದ ಬಂದ, ಬರ್ರಿ ಬರ್ರಿ ಎಂದು ಜಾಗ ಮಾಡಿದರು. ನಾನು ಕೂರಲಿಲ್ಲ. ಆ ಪ್ರೆಸ್ಸಿನ ಪಕ್ಕದಲ್ಲೇ ನಿಂತು, ನಿನಗೆ ಬರೆದದ್ದನ್ನೇ ಮರಾಠಿಯಲ್ಲಿ ಬರೆದುಕೊಂಡು ಹೋಗಿದ್ದೆ, ಓದಿದೆ. ತಂಬಾಕಿನ ಡಬ್ಬಿಯ ಮಾತು ಬಂದಾಗ ಎಲ್ಲರ ಊಟ ನಿಂತಿತು.

ಓದಿ ಮುಗಿಸಿದೆ. ಮಹಾಲಿಂಗ ಎದ್ದು ಕೈ ತೊಳೆದು ಬಂದ. ನನ್ನನ್ನು ಹೊಡೆಯುತ್ತಾನೆ ಎಂದುಕೊಂಡೆ. ಗುರಣ್ಣನವರ ಅಂಗಡಿ ಎಲ್ಲಿದೆ, ವಿಳಾಸ ಬರೆದು ಕೊಡಿ ಎಂದ. ಬರೆದು ಕೊಟ್ಟೆ. ಅವನು ಇಷ್ಟರಲ್ಲೇ ನಿನ್ನ ಕಾಲು ಹಿಡಿಯಲು ಬಂದಾನು, ಬೈಯಬೇಡ. ಆಫೀಸಿಗೂ ಒಂದು ಪ್ರತಿ ಕೊಟ್ಟೆ. ನನಗೆ ಒಂದು ಮೆಮೊ ಬಂದಿದೆ, ವಿಚಾರಣೆಯ ಫೈಲಿಗೆ ನನ್ನ ಹೇಳಿಕೆ ಸೇರಿದೆ. ನಿನ್ನ ಹೆಸರಿನ ಮುಂದೆ ಬರೆದಿದ್ದ ತಪ್ಪನ್ನು ಹೊಡೆದುಹಾಕಿದ್ದಾರೆ, ನಾನು ಕಣ್ಣಾರೆ ನೋಡಿದೆ. ಅದರ ನಕಲು ಈ ಲಕೋಟೆಯಲ್ಲಿದೆ.

ಈಗ ನನ್ನನ್ನು ಉಸ್ತಾದ ಎಂದು ಯಾರೂ ಕರೆಯುವುದಿಲ್ಲ, ಹೆಸರು ಹಿಡಿದು ಕರೆಯುತ್ತಾರೆ. ಕಾಶವ್ವ ಒಂದು ವಾರದಿಂದ ಮಾತು ಬಿಟ್ಟಿದ್ದಾಳೆ, ತನಗೂ ಸುಳ್ಳು ಹೇಳಿದೆನೆಂದು. ಅವಳದು ತಪ್ಪಲ್ಲ. ಆದರೆ ನಿನ್ನೆ ಮಧ್ಯಾಹ್ನ ಊಟವಾದ ಮೇಲೆ ನಾನು ಕಣ್ಣು ಮುಚ್ಚಿದವನು ಸಂಜೆ ದೀಪ ಹಚ್ಚುವ ತನಕ ಏಳಲಿಲ್ಲ. ಅಂಥ ನಿದ್ದೆ ಮರೆತೇ ಹೋಗಿತ್ತು.

ಏಪ್ರಿಲಿಗೆ ನೀರು ಇಳಿಯುತ್ತದೆ. ಬಾ ಎಂದು ಕರೆಯಲು ಈಗಲಾದರೂ ನನಗೆ ಬಾಯಿ ಇದೆ ಎಂದುಕೊಂಡಿದ್ದೇನೆ.

ನಿನ್ನ
ಶಿವಪ್ರಕಾಶ

*

ಕೊಂಢವಾ
18 ಮೇ 1998

ಕಾಶವ್ವ ವೈನಿಯವರಿಗೆ ಗುರಣ್ಣನ ನಮಸ್ಕಾರಗಳು.

ಮೀನನ್ನು ಬಿಟ್ಟು ಬಂದವನ ಮಾತು ಯಾರೂ ನಂಬುವುದಿಲ್ಲ, ಮನೆಯಲ್ಲಂತೂ ನಂಬುವುದೇ ಇಲ್ಲ, ಆದ್ದರಿಂದ ಕಂಡದ್ದನ್ನು ನೀನೇ ಬರೆದು ಕಳಿಸು ಎಂದು ನಿನ್ನೆ ನಿಮ್ಮ ಯಜಮಾನರು ಹೇಳಿದರು. ಬರೆಯುತ್ತಿದ್ದೇನೆ. ಒಂದಕ್ಕೆ ಎರಡು ಮಾಡಿಲ್ಲ.

ನಿನ್ನೆ ಬೆಳಗ್ಗೆ ಆರೂವರೆಗೆ ಪವನಾ ಹಿನ್ನೀರಿಗೆ ಇಳಿದೆವು. ಗಾಳಿ ಇರಲಿಲ್ಲ. ಮೊಣಕಾಲುದ್ದ ನೀರು, ತಳ ಕಾಣುತ್ತಿತ್ತು. ಬಾಲಗಳು ಅಲ್ಲಲ್ಲಿ ಎದ್ದು ಮುಳುಗುತ್ತಿದ್ದವು. ಮೊದಲ ಎರಡು ಗೆಂಡೆ ನನ್ನಿಂದಲೇ ಓಡಿದವು. ಕಾಲು ಎತ್ತಿ ಇಟ್ಟೆ. ಶಿವಪ್ರಕಾಶ ಬೈಯಲಿಲ್ಲ, ತಿರುಗಿಯೂ ನೋಡಲಿಲ್ಲ. ಅಂಬಾರಾಯ ದಂಡೆಯಿಂದ ಸನ್ನೆ ಮಾಡಿ ನನ್ನನ್ನು ಒಂದೇ ಕಡೆ ನಿಲ್ಲಿಸಿದ.

ಮೂರನೆಯದು ನಮ್ಮಿಂದ ಹದಿನೈದು ಹೆಜ್ಜೆ ದೂರದಲ್ಲಿ ಕೆಸರು ಕೆದರುತ್ತಿತ್ತು. ಬಾಲ ನನ್ನ ಅಂಗೈಗಿಂತ ಅಗಲ. ಶಿವಪ್ರಕಾಶನ ಬಲಗೈ ಎರಡು ಸಲ ಹಿಂದೆ ಮುಂದೆ ಹೋಯಿತು. ನೂಲು ತಲೆಯ ಮೇಲೆ ಉದ್ದಕ್ಕೆ ಚಾಚಿ, ಸಪ್ಪಳವಿಲ್ಲದೆ ಇಳಿಯಿತು. ಹುಳ ಮೀನಿನ ಮೂತಿಯಿಂದ ಒಂದು ಮೊಳ ಮುಂದೆ ಬಿತ್ತು, ಮುಳುಗಿತು. ಅವನು ಅದನ್ನು ಒಂದು ಗೇಣು ಎಳೆದು ನಿಲ್ಲಿಸಿದ. ಬಾಲ ಅಲುಗುವುದು ನಿಂತಿತು. ಮೀನು ಬಾಗಿತು. ನನಗೆ ಕೂಗಬೇಕೆನ್ನಿಸಿತು, ಎಳೀ ಎಳೀ ಎಂದು. ಅವನು ಎಳೆಯಲಿಲ್ಲ, ಕಾದ. ಇಪ್ಪತ್ತೊಂದು ವರ್ಷದಲ್ಲಿ ಅವನು ಹಾಗೆ ಕಾದದ್ದನ್ನು ನಾನು ನೋಡಿರಲಿಲ್ಲ. ಮೀನು ತಿರುಗಿ ಹೊರಟ ಮೇಲೆ ಕೋಲನ್ನು ಮೆಲ್ಲಗೆ ಎತ್ತಿದ.

ಆಮೇಲಿನದನ್ನು ಹೇಗೆ ಬರೆಯಲಿ ವೈನಿ. ಚಕ್ರ ಚೀರಿತು. ನೀರು ಸೀಳಿಕೊಂಡು ಮೀನು ಆಳದ ಕಡೆ ನುಗ್ಗಿತು. ಕೋಲು ಬಾಗಿ ತುದಿ ನೀರು ಮುಟ್ಟಿತು. ಅಲ್ಲಿ ಮುಳುಗಿದ ಜಾಲಿಯ ಬೊಡ್ಡೆಗಳಿವೆ, ಅವುಗಳ ನಡುವೆ ಹೋದರೆ ನೂಲು ಹರಿದಂತೆಯೇ. ಚಕ್ರದ ಹಿಡಿಕೆ ಅವನ ಮೂರು ಬೆರಳಿಗೆ ನಿಲ್ಲದೆ ಜಾರುತ್ತಿತ್ತು. ನಾನು ಕೆಸರಿನಲ್ಲಿ ಓಡಿ ಹೋಗಿ ಕೋಲಿಗೆ ಕೈ ಹಾಕಲು ಹೋದೆ. ಅವನು ತಿರುಗದೆಯೇ ಹೇಳಿದ: "ಬಿಡು ಗುರಣ್ಣ. ನಾನ ಹಿಡೀತೀನಿ. ನೀ ನೋಡ್ಕೋತ ನಿಂದ್ರು."

ನಿಂತೆ, ನೋಡಿದೆ. ಹಿಡಿಕೆ ಬಿಟ್ಟು ಹೆಬ್ಬೆರಳನ್ನು ಚಕ್ರದ ಅಂಚಿಗೆ ಒತ್ತಿದ, ಒಮ್ಮೆ ಬಿಗಿ, ಒಮ್ಮೆ ಸಡಿಲ. ಮೀನು ಬೊಡ್ಡೆಗೆ ಇನ್ನು ಎರಡು ಮಾರು ಇರುವಾಗ ನಿಂತಿತು, ತಿರುಗಿತು. ಮತ್ತೆ ಎರಡು ಸಲ ಓಡಿತು. ಎರಡು ಸಲವೂ ಆ ಹೆಬ್ಬೆರಳೇ ತಡೆಯಿತು. ಬಂಗಲೆಯ ಕೆಲಸದವರೆಲ್ಲ ಬುಟ್ಟಿ ಇಳಿಸಿ ದಂಡೆಗೆ ಬಂದು ನಿಂತಿದ್ದರು. ನನ್ನ ಗಡಿಯಾರದಲ್ಲಿ ಇಪ್ಪತ್ತಾರು ನಿಮಿಷ. ಕೊನೆಗೆ ಅದು ಪಕ್ಕಕ್ಕೆ ಮಗ್ಗುಲಾಯಿತು, ಮೈಯೆಲ್ಲ ಹಿತ್ತಾಳೆಯ ಬಣ್ಣ. ಅವನು ಬಗ್ಗಿ ಹೊಟ್ಟೆಯ ಕೆಳಗೆ ಕೈ ಕೊಟ್ಟ. ಅಂಬಾರಾಯ ದಂಡೆಯ ಮೇಲೆ ಕುಣಿಯುತ್ತಿದ್ದ.

ಅಂಗಡಿಯ ಟೇಪು ನನ್ನ ಕಿಸೆಯಲ್ಲಿತ್ತು, ಅಳೆದೆ. ಇಪ್ಪತ್ತೊಂಬತ್ತು ಇಂಚು. ತೂಕ ಆರು ಕಿಲೋಗೆ ಕಡಿಮೆಯಿಲ್ಲ. ಗಾಳ ತುಟಿಯ ಅಂಚಿನಲ್ಲಿ ಸಿಕ್ಕಿತ್ತು, ಅದಕ್ಕೆ ಮುಳ್ಳಿಲ್ಲವಾದ್ದರಿಂದ ಒಂದು ಸಲ ಹೊರಳಿಸಿದರೆ ಬಂತು. ನಾವಿಬ್ಬರೂ ಎರಡು ಕಡೆ ಹಿಡಿದು ಅದನ್ನು ನೀರಿನಲ್ಲೇ ನಿಲ್ಲಿಸಿದೆವು, ಉಸಿರು ಹಿಡಿಯಲಿ ಎಂದು. ಕಿವಿರು ಆಡಿತು, ಬಾಲ ಬೀಸಿತು, ನಮ್ಮ ಮುಖಕ್ಕೆ ಕೆಸರು ಎರಚಿ ಹೋಯಿತು.

ವೈನಿ, ಮೂರೂವರೆ ವರ್ಷ ನಾನು ಆ ಕೈಯನ್ನು ಮುಗಿಸಿಬಿಟ್ಟೆ ಎಂದು ತಿಳಿದು ಬದುಕಿದ್ದೆ. ಅದು ಮುಗಿದಿರಲಿಲ್ಲ. ಇಪ್ಪತ್ತಾರು ನಿಮಿಷ ನನ್ನ ಕಣ್ಣೆದುರಿಗೇ ಕೆಲಸ ಮಾಡಿತು, ಎಷ್ಟು ಚೊಕ್ಕವಾಗಿ ಮಾಡಿತೆಂದರೆ ಬೆರಳು ಎಷ್ಟಿವೆ ಎಂಬುದೇ ನನಗೆ ಮರೆತುಹೋಯಿತು. ನಾನು ನೀರಿನಲ್ಲೇ ಕುಳಿತು ಅತ್ತೆ. ಅವನೂ ಪಕ್ಕದಲ್ಲಿ ಕುಳಿತ. ಜನ ನೋಡುತ್ತಿದ್ದಾರೆ ಎಂದೆ. ನೋಡಲಿ ಬಿಡು ಎಂದ.

ಹೊರಡುವಾಗ ಕೋಲನ್ನು ನನ್ನ ಕೈಗೆ ಕೊಟ್ಟ. "ಮುಂದಿನ ರವಿವಾರ ನೀ ಒಗಿ. ನಾ ನಿನ್ನ ಹಿಂದ ನಿಂದರ್ತೀನಿ" ಎಂದ. ನಾನು ಹೂಂ ಎಂದೆ.

ನಿಮ್ಮ ಮೈದುನನಂಥ
ಗುರಣ್ಣ